ಪಂಚಮಕಾಲದ ಹೆಸರಿನಲ್ಲಿ ಬಾಕಿ ಬರೆಯದಿರೋಣ

ಸಯನ್‌ನ ಸ್ವಾಧ್ಯಾಯಗೋಷ್ಠಿಯೊಂದರಲ್ಲಿ ಹಿರಿಯ ಶ್ರಾವಕರೊಬ್ಬರು ಈಚೆಗೆ ಕೇಳಿದ ಪ್ರಶ್ನೆ ಸಭೆಯನ್ನೇ ಮೌನವಾಗಿಸಿತು: “ಭಸ್ಮಗ್ರಹದ ಅವಧಿ ಮುಗಿದು ಐದು ಶತಮಾನಗಳು ಕಳೆದವು. ಹೇಳಿದ್ದ ಅಭ್ಯುದಯ ಎಲ್ಲಿ?”

ಪ್ರಶ್ನೆ ಅಶ್ರದ್ಧೆಯದಲ್ಲ. ಭಗವಾನ್ ಮಹಾವೀರರ ನಿರ್ವಾಣಕಾಲದಲ್ಲಿ ಭಸ್ಮರಾಶಿ ಗ್ರಹವು ಅವರ ಜನ್ಮನಕ್ಷತ್ರಕ್ಕೆ ಬಂದಿತೆಂದೂ, 2000 ವರ್ಷ ಶ್ರಮಣಸಂಘದ ಪೂಜಾಸತ್ಕಾರಗಳು ಕುಂದಿ ಅನಂತರ ಮತ್ತೆ ಏರುವುವೆಂದೂ ಶ್ವೇತಾಂಬರರ ಕಲ್ಪಸೂತ್ರ ಹೇಳುತ್ತದೆ. ನಿರ್ವಾಣವನ್ನು ಕ್ರಿ.ಪೂ. 527 ಎಂದು ಹಿಡಿದರೆ ಆ ಗಡುವು 1474ರ ಸುಮಾರಿಗೆ ತೀರಿತು. ಆದರೆ ಗ್ರಹ ಸರಿದರೂ ಕಾಲ ಬದಲಾಗಲಿಲ್ಲ. ಶ್ವೇತಾಂಬರ, ದಿಗಂಬರ ಉಭಯರೂ ಒಪ್ಪುವಂತೆ ಪಂಚಮಕಾಲದ ಅವಧಿ 21,000 ವರ್ಷ. ಕಳೆದಿರುವುದು ಎರಡೂವರೆ ಸಾವಿರ ಮಾತ್ರ. ಶ್ರೇಣಿಕ ಮಹಾರಾಜನ ಜೀವವು ಮುಂದಿನ ಪ್ರಥಮ ತೀರ್ಥಂಕರನಾಗುವುದು ಮಹಾವೀರರಿಂದ ಸುಮಾರು 84,000 ವರ್ಷಗಳ ಬಳಿಕ. ಆಗಮಗಳ ಲೆಕ್ಕದಲ್ಲಿ ಯಾವುದೂ ತಡವಾಗಿಲ್ಲ, ಆತುರ ನಮ್ಮದು.

ಆ ಗಡುವು ತೀರಿದ ಶತಮಾನದಲ್ಲಿ ನಡೆದದ್ದೇನು? ಅಹಮದಾಬಾದಿನಲ್ಲಿ ಗ್ರಂಥಗಳ ಪ್ರತಿ ಬರೆಯುತ್ತಿದ್ದ ಗೃಹಸ್ಥ ಲೋಂಕಾಶಾಹ, ಓದಿದ ಆಗಮವನ್ನೂ ಕಂಡ ಯತಿಗಳ ಆಚರಣೆಯನ್ನೂ ಎದುರುಬದುರು ಇಟ್ಟು ಪ್ರಶ್ನಿಸಿದನು. ಮೂರ್ತಿಪೂಜೆಯ ವಿಷಯದಲ್ಲಿ ಅವನ ನಿಲುವನ್ನು ಎಲ್ಲರೂ ಒಪ್ಪಬೇಕಾಗಿಲ್ಲ. ಆದರೆ ಸುಧಾರಣೆ ಆಕಾಶದಿಂದ ಇಳಿಯಲಿಲ್ಲ, ಓದುವವನ ಕೈಯಿಂದ ಹೊರಟಿತು ಎಂಬುದನ್ನು ಒಪ್ಪಲೇಬೇಕು.

ಕನ್ನಡಿಗರಿಗೆ ಇನ್ನೂ ಹತ್ತಿರದ ನಿದರ್ಶನ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿದೆ. ಸುಮಾರು ಕ್ರಿ.ಶ. 600ರ ಅಲ್ಲಿನ ಶಾಸನದಂತೆ, ನಿಮಿತ್ತಜ್ಞಾನಿ ಭದ್ರಬಾಹುಸ್ವಾಮಿಗಳು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಸಂಕಟವನ್ನು ಮುಂಗಂಡು ನುಡಿದರು. ಸಂಘವು ಉತ್ತರಾಪಥವನ್ನು ಬಿಟ್ಟು ದಕ್ಷಿಣಾಪಥಕ್ಕೆ ಹೊರಟಿತು. ಭವಿಷ್ಯವಾಣಿ ನಿಜವಾಗುವುದೋ ಎಂದು ಅವರು ಕಾದು ಕುಳಿತಿರಲಿಲ್ಲ. ವ್ರತ ಕೆಡದಂತೆ ನಡೆದರು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೊದಲು ನಿಃಶಂಕಿತವನ್ನೂ ಕೂಡಲೇ ನಿಃಕಾಂಕ್ಷಿತವನ್ನೂ ಇಡುತ್ತದೆ. ಈ ಕ್ರಮ ಮನನಯೋಗ್ಯ. ಫಲವನ್ನು ಬಯಸಿದವನಿಗೇ ತಡದ ಸಂಶಯ ಕಾಡುತ್ತದೆ. ಚುನಾವಣೆಯ ಭರವಸೆ ಈಡೇರದಿದ್ದರೆ ನಾಯಕನನ್ನು ಕೇಳಬಹುದು, ಕೇಳಲೇಬೇಕು. ಜಿನನಾದರೋ ಮತ ಯಾಚಿಸಲಿಲ್ಲ, ವರ ಕೊಡುವೆನೆನ್ನಲಿಲ್ಲ, ಮಾರ್ಗವನ್ನು ತೋರಿದನು.

ಲೆಕ್ಕಪರಿಶೋಧಕನಾಗಿ ಇನ್ನೊಂದು ಮಾತು. ಧಾರ್ಮಿಕ ಟ್ರಸ್ಟ್‌ಗಳ ಪುಸ್ತಕಗಳಲ್ಲಿ ಪರ್ವಕಾಲದಲ್ಲಿ ಕೂಗಿದ ಬೋಲಿಯ ಹಣ ವರ್ಷ ವರ್ಷವೂ ಬಾಕಿಯಾಗಿಯೇ ಮುಂದೆ ಸಾಗುವುದನ್ನು ಕಂಡಿದ್ದೇನೆ. ಕಾರಣ ಕೇಳಿದರೆ, “ಪಂಚಮಕಾಲ ಸ್ವಾಮಿ, ಏನು ಮಾಡುವುದು” ಎಂಬ ಉತ್ತರ. ಸಾಲಗಾರನ ಹೆಸರಿರಬೇಕಾದಲ್ಲಿ ಕಾಲದ ಹೆಸರು! ಕಾಲ ಇಳಿಯುತ್ತದೆ ಎಂದು ಶಾಸ್ತ್ರ ಹೇಳಿದ್ದು ನಾವು ಎಚ್ಚರವಾಗಿರಲೆಂದು. ನಮ್ಮ ಲೋಪಗಳಿಗೆ ರಸೀದಿ ಬರೆದುಕೊಡಲೆಂದಲ್ಲ.

ಅಭ್ಯುದಯದ ಕಾಲ ಬರುವಾಗ ಬರಲಿ. ಮಾರ್ಚ್ 31 ಪ್ರತಿವರ್ಷ ತಪ್ಪದೆ ಬರುತ್ತದೆ. 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆ ಮಹಾರಾಷ್ಟ್ರದಲ್ಲಿ ಲೆಕ್ಕಪರಿಶೋಧನೆಯನ್ನು ಕಡ್ಡಾಯಗೊಳಿಸಿದೆ, ಆದರೆ ಕಾಯ್ದೆಗಿಂತ ಸತ್ಯವ್ರತ ದೊಡ್ಡದು. ಬರುವ ಪರ್ಯುಷಣ ಹಾಗೂ ದಶಲಕ್ಷಣ ಪರ್ವಗಳಲ್ಲಿ ಮೊದಲ ಬೋಲಿ ಕೂಗುವ ಮುನ್ನ ಕಳೆದ ವರ್ಷದ ಲೆಕ್ಕವನ್ನು ಸಂಘದ ಮುಂದೆ ಓದಲಿ. ಹಿರಿಯರ ಪ್ರಶ್ನೆಗೆ ನಾವು ಕೊಡಬಹುದಾದ ಉತ್ತರ ಅದು.