ಸಿಮ್ಯುಲೇಟರಿನ ಮುಂದೆ ಬಾಯಿಪಾಠ ನಡೆಯದು

ವಿಮಾನ ಚಾಲಕನಾಗಬೇಕೆಂಬ ಹಂಬಲ ಈಗ ನಮ್ಮ ಅಂಕಲಗಿಯ ಸುತ್ತಲಿನ ವಿದ್ಯಾರ್ಥಿಗಳಲ್ಲಿಯೂ ಕಾಣತೊಡಗಿದೆ. ಇದು ಆಶ್ಚರ್ಯದ ಸಂಗತಿಯೇನಲ್ಲ. ಬೆಳಗಾವಿಯ ಸಾಂಬ್ರಾ ನಿಲ್ದಾಣದಲ್ಲಿ ಇತ್ತೀಚಿನ ವರ್ಷಗಳಲ್ಲಿ ಹಾರಾಟದ ಶಿಕ್ಷಣ ಮೊದಲಾಗಿದೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳಿಂದ ಬೆಳಗಾವಿಗೆ ಹೋಗಿಬರುವ ಹುಡುಗ ಹುಡುಗಿಯರು ಅಲ್ಲಿಂದೇಳುವ ಪುಟ್ಟ ವಿಮಾನಗಳನ್ನು ಕತ್ತೆತ್ತಿ ನೋಡುತ್ತಾರೆ. ಆದರೆ ಅವರು ನನ್ನಂಥ ಭೌತಶಾಸ್ತ್ರದ ಅಧ್ಯಾಪಕರನ್ನು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: “ಸಂದರ್ಶನಕ್ಕೆ ಯಾವ ಪುಸ್ತಕ ಬಾಯಿಪಾಠ ಮಾಡಬೇಕ್ರೀ ಸರ್?” ಈ ಪ್ರಶ್ನೆಯಲ್ಲಿಯೇ ನಮ್ಮ ಶಿಕ್ಷಣದ ಒಂದು ಕೊರತೆ ಅಡಗಿದೆಯೆಂಬುದು ನನ್ನ ಅಭಿಪ್ರಾಯ.

200 ಗಂಟೆಗಳ ಹಾರಾಟ ಮುಗಿಸಿ ಲೈಸೆನ್ಸು ಪಡೆದ ಮಾತ್ರಕ್ಕೆ ಯಾರೂ ವಿಮಾನಸಂಸ್ಥೆಯ ಚಾಲಕರಾಗುವುದಿಲ್ಲ. ಸಾಮಾನ್ಯವಾಗಿ ಲಿಖಿತ ಪರೀಕ್ಷೆ, ಸಂದರ್ಶನ, ಸಿಮ್ಯುಲೇಟರಿನಲ್ಲಿ ಪರಿಶೀಲನೆ, ಇಷ್ಟನ್ನೂ ದಾಟಬೇಕು. ಮೊದಲನೆಯದಕ್ಕೆ ಪ್ರಶ್ನೋತ್ತರಗಳ ಸಂಗ್ರಹಗಳು ಬೇಕಾದಷ್ಟು ದೊರೆಯುತ್ತವೆ. ಅವನ್ನು ಉರುಹೊಡೆದು ಪಾರಾದವರೂ ಇದ್ದಾರೆ. ಸಂದರ್ಶನದಲ್ಲಿ ಆ ಬಂಡವಾಳ ಬೇಗನೆ ಕರಗುತ್ತದೆ. ವಿಮಾನವು ನೆಲಕ್ಕಿಳಿಯುವ ಇಳಿಜಾರು ಸಾಮಾನ್ಯವಾಗಿ 3 ಡಿಗ್ರಿ ಎಂದು ಅಭ್ಯರ್ಥಿ ಒಪ್ಪಿಸುತ್ತಾನೆ ಎನ್ನಿ. “ಹಾಗಾದರೆ ನಿಲ್ದಾಣದಿಂದ 5 ನಾಟಿಕಲ್ ಮೈಲಿ ದೂರದಲ್ಲಿ ನಿಮ್ಮ ಎತ್ತರವೆಷ್ಟಿರಬೇಕು?” ಎಂದು ಮರುಪ್ರಶ್ನೆ ಬಂದರೆ? 3 ಡಿಗ್ರಿಯ ಟ್ಯಾನ್ ಬೆಲೆ 0.052, ಒಂದು ನಾಟಿಕಲ್ ಮೈಲಿಗೆ ಸುಮಾರು 6,080 ಅಡಿ, ಆದುದರಿಂದ ಮೈಲಿಗೆ ಹೆಚ್ಚುಕಡಿಮೆ 300 ಅಡಿ, 5 ಮೈಲಿಗೆ 1,500 ಅಡಿಗಿಂತ ಸ್ವಲ್ಪ ಮೇಲೆ. ಹತ್ತನೆಯ ತರಗತಿಯ ತ್ರಿಕೋನಮಿತಿ ಇಷ್ಟಕ್ಕೆ ಸಾಕು. ಆದರೆ ಅದು ನಾಲಗೆಯ ಮೇಲಿದ್ದರೆ ಸಾಲದು, ಬುದ್ಧಿಯಲ್ಲಿ ಓಡಾಡುತ್ತಿರಬೇಕು.

ಇನ್ನು ಸಿಮ್ಯುಲೇಟರಿನ ಮಾತು. ಅಮೆರಿಕದ ಬಿಂಗ್‌ಹ್ಯಾಮ್ಟನ್ ನಗರದ ಎಡ್ವಿನ್ ಲಿಂಕ್ ಎಂಬಾತ 1929ರಲ್ಲಿ ಇಂತಹ ಯಂತ್ರವನ್ನು ಕಟ್ಟಿದ. ಅವನ ತಂದೆಗೆ ಆರ್ಗನ್ ವಾದ್ಯಗಳನ್ನು ತಯಾರಿಸುವ ಕಾರ್ಖಾನೆಯಿತ್ತು. ಆ ವಾದ್ಯಕ್ಕೆ ಗಾಳಿಯೂಡುವ ತಿದಿಗಳನ್ನೇ ಬಳಸಿ, ಮರದ ಪುಟ್ಟ ವಿಮಾನವೊಂದನ್ನು ನೆಲದ ಮೇಲೆಯೇ ಓಲಾಡಿಸಿದ. ಬಹುಕಾಲ ಅದನ್ನು ಆಟದ ಸಾಮಾನೆಂದೇ ಜನ ಬಗೆದರು. 1934ರಲ್ಲಿ ಅಮೆರಿಕದ ಸೈನ್ಯಕ್ಕೆ ಅಂಚೆ ಸಾಗಿಸುವ ಕೆಲಸ ಬಂದು, ಕೆಟ್ಟ ಹವೆಯಲ್ಲಿ ಹಲವು ಚಾಲಕರು ಸತ್ತ ಮೇಲೆಯೇ ಸೈನ್ಯ ಲಿಂಕನ ಯಂತ್ರಗಳನ್ನು ಕೊಂಡಿತು.

ಇಂದಿನ ಸಿಮ್ಯುಲೇಟರು ಆರು ಕಾಲುಗಳ ಮೇಲೆ ನಿಂತ ದೊಡ್ಡ ಪೆಟ್ಟಿಗೆ. ಕಾಲುಗಳು ಉದ್ದವಾಗಿ ಗಿಡ್ಡವಾಗಿ ಅದನ್ನು ಎಲ್ಲ ದಿಕ್ಕಿಗೂ ಕದಲಿಸುತ್ತವೆ. ಆದರೆ ಕೋಣೆಯೊಳಗೆ ನಿಂತಲ್ಲಿಯೇ ಇರುವ ಪೆಟ್ಟಿಗೆ, ರನ್‌ವೇಯ ಮೇಲೆ ವೇಗ ಹೆಚ್ಚಿಸಿಕೊಳ್ಳುತ್ತ ಓಡುವ ವಿಮಾನದ ಅನುಭವವನ್ನು ಕೊಡುವುದು ಹೇಗೆ? ಉಪಾಯ ಬಹು ಸೊಗಸಾಗಿದೆ. ಪೆಟ್ಟಿಗೆಯ ಮೂತಿಯನ್ನು ಮೆಲ್ಲಗೆ ಮೇಲೆತ್ತುತ್ತಾರೆ. ಕಿಟಕಿಯ ಚಿತ್ರ ಮಾತ್ರ ಮಟ್ಟಸವಾಗಿಯೇ ಇರುತ್ತದೆ. ಗುರುತ್ವದ ಒಂದು ಅಂಶ ನಮ್ಮ ಬೆನ್ನನ್ನು ಆಸನಕ್ಕೊತ್ತುತ್ತದೆ. ಮಿದುಳು ಅದನ್ನು ವೇಗೋತ್ಕರ್ಷವೆಂದು ತಿಳಿಯುತ್ತದೆ. ಸೆಕೆಂಡಿಗೆ ಸೆಕೆಂಡಿಗೆ 2 ಮೀಟರಿನ ವೇಗೋತ್ಕರ್ಷವನ್ನು ಹೀಗೆ ನಟಿಸಲು ಎಷ್ಟು ಓರೆ ಬೇಕು? 2ನ್ನು 9.8ರಿಂದ ಭಾಗಿಸಿ ಸೈನ್ ಕೋಷ್ಟಕವನ್ನು ನೋಡಿರಿ, ಸುಮಾರು 12 ಡಿಗ್ರಿ. ಓರೆಯಾಗುವ ಗತಿ ನಿಧಾನವಾಗಿದ್ದರೆ ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಅದರ ಸುಳಿವೇ ಹತ್ತುವುದಿಲ್ಲ. ಗುರುತ್ವವನ್ನೂ ವೇಗೋತ್ಕರ್ಷವನ್ನೂ ಮೈಯೊಂದೇ ಬೇರ್ಪಡಿಸಿ ಅರಿಯಲಾರದು. ಐನ್‌ಸ್ಟೈನರು ತಮ್ಮ ಸಾಪೇಕ್ಷತಾವಾದವನ್ನು ವಿಸ್ತರಿಸಿದ್ದು ಇದೇ ಮಾತನ್ನು ಹಿಡಿದು. ಮೋಡದೊಳಗೆ ಹಾರುವ ಚಾಲಕನೂ ಹೀಗೆಯೇ ಮೋಸಹೋಗಬಲ್ಲನು. ಆದುದರಿಂದಲೇ ಮೈ ಹೇಳುವುದನ್ನು ಬದಿಗೊತ್ತಿ ಮಾಪಕಗಳನ್ನು ನಂಬುವವನನ್ನು ಪರೀಕ್ಷಕರು ಹುಡುಕುವುದು.

ಅವರು ಹುಡುಕುವ ಇನ್ನೊಂದು ಗುಣವುಂಟು. ಪೆಟ್ಟಿಗೆಯಲ್ಲಿ ಅಭ್ಯರ್ಥಿ ಒಬ್ಬನೇ ಇರುವುದಿಲ್ಲ. ಪಕ್ಕದ ಆಸನದಲ್ಲಿ ಇನ್ನೊಬ್ಬನಿರುತ್ತಾನೆ. ಒಬ್ಬನು ಹಾರಿಸುವಾಗ ಮತ್ತೊಬ್ಬನು ಎತ್ತರ, ವೇಗಗಳನ್ನು ಗಮನಿಸಿ, ತಪ್ಪು ಕಂಡೊಡನೆ ಹೇಳಬೇಕು. ಎತ್ತರ ನೂರು ಅಡಿ ತಪ್ಪಿದವನನ್ನು, ಅವನು ಅದನ್ನು ಕಂಡು ತಿದ್ದಿಕೊಂಡರೆ, ಪರೀಕ್ಷಕರು ಕ್ಷಮಿಸಿಯಾರು. ನೋಡಿಯೂ ಸುಮ್ಮನೆ ಕುಳಿತ ಜೊತೆಗಾರನನ್ನು ಕ್ಷಮಿಸಲಾರರು.

ಏಕೆಂಬುದನ್ನು ನಮ್ಮ ನಾಡು ಕಣ್ಣಾರೆ ಕಂಡಿದೆ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನವೊಂದು ಮಂಗಳೂರಿನ ಬಜ್ಪೆಯಲ್ಲಿ ರನ್‌ವೇಯನ್ನು ಮೀರಿ ಕಮರಿಗೆ ಬಿದ್ದಿತು. 166 ಜನರಲ್ಲಿ 158 ಮಂದಿ ಸತ್ತರು. ವಿಚಾರಣೆಯ ವರದಿಯ ಪ್ರಕಾರ ಅದು ರನ್‌ವೇಯ ಅಂಚನ್ನು 50 ಅಡಿ ಎತ್ತರದಲ್ಲಿ, 144 ನಾಟ್ ವೇಗದಲ್ಲಿ ದಾಟಬೇಕಿತ್ತು; ದಾಟಿದ್ದು ಸುಮಾರು 200 ಅಡಿ ಎತ್ತರದಲ್ಲಿ, 160 ನಾಟ್ ಮೀರಿದ ವೇಗದಲ್ಲಿ. 160ನ್ನು 144ರಿಂದ ಭಾಗಿಸಿ ವರ್ಗ ಮಾಡಿದರೆ 1.23 ಬರುತ್ತದೆ, ಅಂದರೆ ಚಲನಶಕ್ತಿ ಶೇಕಡ 23ರಷ್ಟಾದರೂ ಹೆಚ್ಚು. ಚಕ್ರಗಳು ನೆಲ ಮುಟ್ಟುವ ಹೊತ್ತಿಗೆ 2,450 ಮೀಟರಿನ ರನ್‌ವೇಯಲ್ಲಿ ಸುಮಾರು 1,600 ಮೀಟರು ಹಿಂದೆ ಸರಿದುಹೋಗಿತ್ತು. ಇಳಿಯದೆ ಮತ್ತೆ ಮೇಲೇರಿರೆಂದು ಸಹಚಾಲಕರು ಮೂರು ಸಲ ಸೂಚಿಸಿದ್ದರು. ಭೂಮಿ ಸಮೀಪಿಸುತ್ತಿದೆಯೆಂದು ಯಂತ್ರವೂ ಎಚ್ಚರಿಸಿತ್ತು. ಮುಖ್ಯ ಚಾಲಕರು ಇಳಿಯುವುದನ್ನೇ ಮುಂದುವರಿಸಿದರು.

ಸಹಚಾಲಕರು ಹೇಳಿದರು, ಆದರೆ ಆ ಮಾತು ನಡೆಯಲಿಲ್ಲ. ಹಿರಿಯರಿಗೆ ಎದುರಾಡಬಾರದೆಂದು ಬೆಳೆದ ನಮ್ಮ ಮಕ್ಕಳಲ್ಲಿ ಎಷ್ಟು ಜನ ಮೂರು ಸಲವಾದರೂ ಹೇಳಿಯಾರು? ಕರಿಹಲಗೆಯ ಮೇಲೆ ಅಧ್ಯಾಪಕನು ಋಣಚಿಹ್ನೆ ಬಿಟ್ಟರೆ, ಅದನ್ನು ಕಂಡೂ ಹಾಗೆಯೇ ನಕಲು ಮಾಡಿಕೊಳ್ಳುವ ತರಗತಿಗಳನ್ನು ನಾನು ದಿನಾಲೂ ನೋಡುತ್ತೇನೆ. ಇಪ್ಪತ್ತು ವರ್ಷ ಹೀಗೆ ಬೆಳೆದವನಿಗೆ ಸಿಮ್ಯುಲೇಟರಿನಲ್ಲಿ ಒಂದು ದಿನಕ್ಕೆ ಬಾಯಿ ಬಂದೀತೆಂದು ನಂಬುವುದು ಕಷ್ಟ.

ತಂದೆತಾಯಿಗಳಿಗೂ ಒಂದು ಮಾತು. ಈ ಶಿಕ್ಷಣಕ್ಕೆ ಹತ್ತಾರು ಲಕ್ಷ ರೂಪಾಯಿ ಬೇಕು; ಹೊಲ ಅಡವಿಡುವ ಮೊದಲು ಒಂದನೆಯ ದರ್ಜೆಯ ವೈದ್ಯಕೀಯ ಪರೀಕ್ಷೆಯನ್ನು ಮುಗಿಸಿಕೊಳ್ಳಿರಿ.

ನಮ್ಮ ಕಾಲೇಜುಗಳಿಗೆ ನನ್ನ ಸೂಚನೆ ಅಗ್ಗದ್ದು. ಪ್ರಯೋಗಶಾಲೆಯಲ್ಲಿ ಇಬ್ಬಿಬ್ಬರನ್ನು ಜೋಡಿಮಾಡಿ, ಒಬ್ಬನು ವರ್ನಿಯರ್ ಓದಿ ಹೇಳಲಿ, ಮತ್ತೊಬ್ಬನು ತಾನೂ ನೋಡಿ ಒಪ್ಪಲಿ ಅಥವಾ ತಿದ್ದಲಿ. ತಪ್ಪು ಉಳಿದರೆ ಇಬ್ಬರ ಅಂಕವೂ ಹೋಗಲಿ. ಹುಡುಗಿಯರ ಜೊತೆ ಹುಡುಗರು, ಹಿರಿಯ ತರಗತಿಯವರ ಜೊತೆ ಕಿರಿಯರು ಕೂಡಲಿ. ಅಧ್ಯಾಪಕನೂ ಆಗಾಗ ಒಂದು ಜೋಡಿಯಲ್ಲಿ ಕುಳಿತು ತನ್ನ ಅಳತೆಯನ್ನು ವಿದ್ಯಾರ್ಥಿಯ ಮುಂದಿಡಲಿ. ಇದರಿಂದ ಶಿಸ್ತು ಕೆಡುವುದೆಂದು ಕೆಲವರು ಹೇಳಿಯಾರು. ವಿಮಾನದಲ್ಲಿ ಕ್ಯಾಪ್ಟನನಿಗಿರುವಷ್ಟು ಅಧಿಕಾರ ನಮ್ಮಲ್ಲಿ ಯಾವ ಅಧ್ಯಾಪಕನಿಗೂ ಇಲ್ಲ. ಆದರೂ ಇಬ್ಬರಲ್ಲಿ ಯಾರೇ “ಮೇಲೇರಿ” ಎಂದರೂ ಮೇಲೇರಲೇಬೇಕೆಂಬ ನಿಯಮವನ್ನು ಅನೇಕ ವಿಮಾನಸಂಸ್ಥೆಗಳು ಇಟ್ಟುಕೊಂಡಿವೆ.