ಮನೆಯೇ ಮಹಾಮನೆ: ಹೊಗೆ ಹೊರಗೆ, ಉರಿ ಒಳಗೆ

ಹಾವೇರಿ ಜಿಲ್ಲೆಯ ಸೋದರಿಯೊಬ್ಬರು ಪತ್ರ ಬರೆದಿರುವರು. ಅವರ ಮನೆಗೆ ಅಡುಗೆ ಅನಿಲ ಬಂದು ಏಳೆಂಟು ವರ್ಷಗಳಾದವು. ಆದರೂ ಬೆಳಗಿನ ಸ್ನಾನದ ನೀರಿಗೆ, ಎರಡು ಹೊತ್ತಿನ ಜೋಳದ ರೊಟ್ಟಿಗೆ, ಹಬ್ಬದ ಹೂರಣಕ್ಕೆ ಕಟ್ಟಿಗೆಯ ಒಲೆಯೇ ಉರಿಯುತ್ತಿದೆ. ಅತ್ತೆಯವರ ಕೆಮ್ಮು ವರ್ಷವಿಡೀ ಬಿಡದು. ಈಗ ಹೊಸ ಅಡುಗೆಮನೆ ಕಟ್ಟಿಸುತ್ತಿದ್ದಾರೆ. ಹೊಗೆ ಹೊರಹೋಗುವಂತಹ ಒಲೆ ಹಾಕಿಸೋಣವೆಂದರೆ, "ಗ್ಯಾಸ್ ಇರುವಾಗ ಒಲೆಗೇಕೆ ದುಡ್ಡು?" ಎಂದು ಮನೆಯ ಯಜಮಾನರು ಕೇಳುತ್ತಾರಂತೆ. "ತಾವು ಒಂದು ಮಾತು ಬರೆದರೆ ಕೇಳಿಯಾರು" ಎಂಬುದು ಸೋದರಿಯ ವಿನಂತಿ.

ಯಜಮಾನರ ಪ್ರಶ್ನೆಯಲ್ಲಿ ಅರ್ಥವಿಲ್ಲದೆ ಇಲ್ಲ. ಎಲ್ಲ ಅಡುಗೆಯನ್ನೂ ಅನಿಲದ ಒಲೆಯ ಮೇಲೆಯೇ ನಡೆಸುವ ಶಕ್ತಿ ಮನೆಗಿದ್ದರೆ ಅದಕ್ಕಿಂತ ಉತ್ತಮವಾದುದು ಬೇರೊಂದಿಲ್ಲ. ಆದರೆ ಅವರ ಮನೆಯಲ್ಲಿ ಕಟ್ಟಿಗೆ ಉರಿಯುತ್ತಿರುವುದು ಕಣ್ಣೆದುರಿನ ಸಂಗತಿ. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಹಳ್ಳಿಯ ಮನೆಮನೆಗೂ ಸಿಲಿಂಡರ್ ಬಂದಿತು. ಹಾಗೆಂದು ಒಲೆ ಎದ್ದುಹೋಗಲಿಲ್ಲ, ಹಿತ್ತಲಿಗೋ ಬಚ್ಚಲಿಗೋ ಸರಿಯಿತು. ಹೊಲದ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಬೇಲಿಯ ಜಾಲಿ ಇವೆಲ್ಲ ಬೆಲೆಯಿಲ್ಲದೆ ದೊರೆಯುವಾಗ ಯಾವ ಗೃಹಿಣಿಯೂ ಹಂಡೆ ನೀರನ್ನು ಸಿಲಿಂಡರಿನಿಂದ ಕಾಯಿಸಲಾರಳು. ಉರಿಯುತ್ತಿರುವ ಒಲೆಯನ್ನು ಇಲ್ಲವೆಂದು ಲೆಕ್ಕ ಬರೆದರೆ ಅದರ ಹೊಗೆ ಇಲ್ಲವಾಗುವುದೇ?

ಆ ಹೊಗೆಯ ಲೆಕ್ಕ ಸಣ್ಣದಲ್ಲ. ಕಟ್ಟಿಗೆ, ಕುಳ್ಳು, ಕಲ್ಲಿದ್ದಲು, ಸೀಮೆಎಣ್ಣೆ ಮುಂತಾದವುಗಳ ಹೊಗೆಯಿಂದ ಮನೆಯೊಳಗಿನ ಗಾಳಿ ಕೆಟ್ಟು, 2020ನೆಯ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನರು ಅಕಾಲದಲ್ಲಿ ಮೃತರಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಮಕ್ಕಳಿಗೆ ನ್ಯುಮೋನಿಯಾ, ದೊಡ್ಡವರಿಗೆ ಬಿಡದ ಕೆಮ್ಮು ದಮ್ಮು, ಹೃದಯದ ಬೇನೆ, ಕಣ್ಣಿಗೆ ಪೊರೆ, ಇವೆಲ್ಲಕ್ಕೂ ಒಲೆಯ ಹೊಗೆ ಕಾರಣವಾಗಬಲ್ಲುದು. ಅತ್ತೆಯವರ ಕೆಮ್ಮನ್ನು "ವಯಸ್ಸಿನದು" ಎಂದು ಬಿಡದೆ ಮೊದಲು ವೈದ್ಯರಲ್ಲಿ ತೋರಿಸಿರಿ. ಒಲೆಯ ಮಾತು ಅನಂತರದ್ದು.

ಕಾಯವನ್ನು ಪ್ರಸಾದಕಾಯವೆಂದು ಗೌರವಿಸುವ ನಮ್ಮ ಧರ್ಮದಲ್ಲಿ, ಲಿಂಗಕ್ಕೆ ಅರ್ಪಿತವಾಗುವ ಪದಾರ್ಥವನ್ನು ಸಿದ್ಧಗೊಳಿಸುವ ತಾಯಿಯ ಕಾಯ ಮಾತ್ರ ಹೊಗೆಯಲ್ಲಿ ಬೇಯಲೆಂದು ಯಾವ ಶರಣರೂ ಹೇಳಲಿಲ್ಲ. ಕಟ್ಟಿಗೆಯ ವಿಷಯವೂ ಹಾಗೆಯೇ. ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಕಲ್ಯಾಣಕ್ಕೆ ಬಂದರೆಂದು ಪರಂಪರೆ ಹೇಳುವ ಮೋಳಿಗೆಯ ಮಾರಯ್ಯನವರು ಸೌದೆಯ ಹೊರೆ ಮಾರುವುದನ್ನೇ ಕಾಯಕವಾಗಿ ಕೈಕೊಂಡರು, ಅದರಿಂದ ಬಂದುದರಲ್ಲಿ ದಾಸೋಹ ನಡೆಸಿದರು. ತಲೆಯ ಮೇಲೆ ಹೊತ್ತು ತಂದ ಹೊರೆಯಲ್ಲಿ ಬಹುಪಾಲನ್ನು ಹೊಗೆ ಮಾಡಿ ಕಳೆಯುವುದು ಅಂತಹ ಕಾಯಕಕ್ಕೆ ಸಲ್ಲಿಸುವ ಗೌರವವಲ್ಲ.

ಬಹುಪಾಲು ಎಂದದ್ದು ಅತಿಶಯೋಕ್ತಿಯಲ್ಲ. ಮೂರು ಕಲ್ಲಿನ ಒಲೆಯಲ್ಲಿಯೂ ಸಾಮಾನ್ಯ ಮಣ್ಣಿನ ಒಲೆಯಲ್ಲಿಯೂ ಕಟ್ಟಿಗೆಯ ನೂರು ಪಾಲು ಶಾಖದಲ್ಲಿ ಪಾತ್ರೆಗೆ ಮುಟ್ಟುವುದು ಸುಮಾರು 10ರಿಂದ 15 ಪಾಲು. ಮಿಕ್ಕುದು ಗೋಡೆ, ಮಾಡು, ಮುಖಗಳಿಗೆ. ಇದನ್ನು ಕಂಡೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಕೇಂದ್ರದವರು 1980ರ ದಶಕದ ಆರಂಭದಲ್ಲಿ ಒಂದು ಒಲೆಯನ್ನು ರೂಪಿಸಿದರು. ಆ ಕೇಂದ್ರವು 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ ಹುಟ್ಟಿದುದು. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಅದರ ಕ್ಷೇತ್ರ ಕಾರ್ಯ ನಡೆಯುತ್ತಿತ್ತು. ಅಸ್ತ್ರ ಒಲೆಯೆಂದೇ ಹೆಸರಾದ ಈ ಒಲೆಯ ಗುಟ್ಟು ಸರಳವಾದುದು. ಕಟ್ಟಿಗೆ ನೆಲದ ಮೇಲೆ ಉರಿಯದೆ ಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ. ಅದಕ್ಕೆ ಬೇಕಾದ ಗಾಳಿ ಜಾಲರಿಯ ಕೆಳಗಿನಿಂದ ಏರುತ್ತದೆ. ಬೆಂಕಿಗೂಡಿನ ಬಾಯಿಗೆ ಮುಚ್ಚಳವುಂಟು. ಪಾತ್ರೆ ಒಲೆಗಣ್ಣಿನಲ್ಲಿ ಸಂದಿಲ್ಲದೆ ಕೂರುತ್ತದೆ. ಮೊದಲ ಪಾತ್ರೆಯನ್ನು ಕಾಯಿಸಿದ ಬಿಸಿ, ಎರಡನೆಯದರ, ಮೂರನೆಯದರ ಕೆಳಗೆ ಹರಿದು ಕಡೆಗೆ ಕೊಳವೆಯ ಮೂಲಕ ಮಾಡಿನ ಮೇಲಕ್ಕೆ ಹೋಗುತ್ತದೆ. (ಚಿಮಣಿಯೆಂದರೆ ನಮ್ಮ ಕಡೆ ಸೀಮೆಎಣ್ಣೆಯ ದೀಪ. ಆದುದರಿಂದ ನಾನು ಹೊಗೆಕೊಳವೆ ಎನ್ನುವೆನು.) ಪ್ರಯೋಗಶಾಲೆಯಲ್ಲಿ ಇದರ ಸಾಮರ್ಥ್ಯ ಶೇಕಡಾ 40ರ ಸುಮಾರಿಗೆ ಮುಟ್ಟಿತ್ತು. ನಿತ್ಯದ ಅಡುಗೆಯಲ್ಲಿ ಅಷ್ಟು ದೊರೆಯದಿದ್ದರೂ ಕಟ್ಟಿಗೆಯ ಉಳಿತಾಯ ಕಣ್ಣಿಗೆ ಕಾಣುವಷ್ಟಿರುತ್ತದೆ.

ಹಾಗಾದರೆ ಸರಕಾರದ ಸಹಾಯದಿಂದ ಅಂದು ಹಾಕಿಸಿದ ಹೊಗೆರಹಿತ ಒಲೆಗಳು ಎಲ್ಲಿ ಹೋದವು? 1980ರ ದಶಕದಲ್ಲಿ ಆರಂಭವಾದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವು 2002ರಲ್ಲಿ ನಿಂತುಹೋಯಿತು. ಹಲವು ಮನೆಗಳಲ್ಲಿ ಒಲೆ ಅದಕ್ಕೂ ಮೊದಲೇ ಒಡೆದಿತ್ತು. ದೋಷವನ್ನು ಗೃಹಿಣಿಯರ ತಲೆಗೆ ಕಟ್ಟುವುದು ನ್ಯಾಯವಲ್ಲ. ಒಲೆ ಅಡುಗೆಗೆ ಹೊಂದಬೇಕೇ ಹೊರತು ಅಡುಗೆಯೇ ಒಲೆಗೆ ಹೊಂದಲಾರದು. ನಮ್ಮ ಉತ್ತರದ ಸೀಮೆಯ ರೊಟ್ಟಿಗೆ ಅಗಲವಾದ ಹಂಚು ಬೇಕು, ಹಂಚಿನ ಅಡಿಗೆಲ್ಲ ಹರಡಿದ ಉರಿ ಬೇಕು, ಕಡೆಯಲ್ಲಿ ರೊಟ್ಟಿಯನ್ನು ಒರಗಿಸಿ ಸುಡಲು ಬಾಯಿಯಲ್ಲಿ ನಾಲ್ಕು ಕೆಂಡ ಬೇಕು. ಇಕ್ಕಟ್ಟಾದ ಬಾಯಿಯ ಒಲೆ ಇದಕ್ಕೆ ಒದಗದು. ದಕ್ಷಿಣದಲ್ಲಿ ರಾಗಿಮುದ್ದೆಯನ್ನು ಕೋಲಿನಿಂದ ಬಲವಾಗಿ ತಿರುವುವಾಗ ಒಲೆಯ ಕಂಠವೇ ಬಿರಿಯುತ್ತದೆ. ಅಲ್ಲಿ ಕಂಠವನ್ನು ಇಟ್ಟಿಗೆಯಿಂದ ಗಟ್ಟಿಗೊಳಿಸಬೇಕು.

ಆದುದರಿಂದ ಸೋದರಿಗೆ ನನ್ನ ಸಲಹೆಯಿದು. ಮೂರು ಕಣ್ಣಿನ ಒಲೆ ನಿಮಗೆ ಬೇಡ, ಎರಡು ಕಣ್ಣಿನದು ಸಾಕು. ಮುಂದಿನ ಕಣ್ಣು ನಿಮ್ಮ ಹಂಚಿನ ಅಳತೆಗೆ, ಹಿಂದಿನದು ಬೇಳೆ ಬೇಯಿಸುವ ಪಾತ್ರೆಯ ಅಳತೆಗೆ ಇರಲಿ. ಒಲೆ ಕಟ್ಟುವವರಿಗೆ ಆ ಹಂಚನ್ನೂ ಪಾತ್ರೆಯನ್ನೂ ಕೈಗೆ ಕೊಟ್ಟೇ ಕಟ್ಟಿಸಿರಿ. ಬಾಯಿಯ ಮುಂದೆ ಸಣ್ಣ ಕಟ್ಟೆಯಿರಲಿ, ಕೆಂಡವನ್ನು ಅಲ್ಲಿಗೆ ಎಳೆದು ರೊಟ್ಟಿ ಸುಟ್ಟು, ಮತ್ತೆ ಒಳಕ್ಕೆ ನೂಕಬಹುದು. ಜಾಲರಿಗೂ ಹಂಚಿಗೂ ನಡುವೆ ಮುಕ್ಕಾಲು ಗೇಣು ಅಂತರವಿರಬೇಕು. ತೀರ ಹತ್ತಿರವಾದರೆ ಉರಿ ಪೂರ್ತಿ ಹೊತ್ತುವ ಮೊದಲೇ ತಣ್ಣನೆಯ ತಳಕ್ಕೆ ತಾಗಿ ಮಸಿಯಾಗುವುದು. ಹಂಡೆಗೆ ಬಚ್ಚಲಿನಲ್ಲಿ ಬೇರೆಯೇ ಒಲೆ, ಅದಕ್ಕೆ ಅದರದೇ ಕೊಳವೆ. ಮಾಳಿಗೆಯ ಮೇಲೆ ಬಿಸಿಲು ಚೆನ್ನಾಗಿದ್ದರೆ ಸೌರಶಕ್ತಿಯ ನೀರಿನ ತೊಟ್ಟಿ ಹಾಕಿಸಿ ಆ ಒಲೆಯನ್ನೇ ಬಿಟ್ಟುಬಿಡಬಹುದು. ಅಂಗಡಿಯಲ್ಲಿ ದೊರೆಯುವ, ಎತ್ತಿ ಇಡಬಹುದಾದ ಲೋಹದ ಒಲೆಗಳೂ ಕಟ್ಟಿಗೆ ಉಳಿಸುತ್ತವೆ, ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಕೊಳವೆಯಿಲ್ಲ. ಅವುಗಳ ಸ್ಥಾನ ಪಡಸಾಲೆಯ ಹೊರಗೆ, ಮುಚ್ಚಿದ ಅಡುಗೆಮನೆಯೊಳಗಲ್ಲ.

ಆಗ್ನೇಯ ಮೂಲೆಯಲ್ಲಿಯೇ ಒಲೆಯಿರಬೇಕೆಂದು ಪಂಚಾಂಗದವರು ಹೇಳಿದರೆಂದೂ ಪತ್ರದಲ್ಲಿದೆ. ಶರಣರು ದಿಕ್ಕುಗಳಿಗೆ ಶುಭಾಶುಭಗಳನ್ನು ಹಚ್ಚಿದವರಲ್ಲ. ಹೊರಗೋಡೆಗೆ ತಾಗಿದಂತೆ, ಕಿಟಕಿಯ ಗಾಳಿ ನೇರವಾಗಿ ಬಾಯಿಗೆ ಹೊಡೆಯದ ಕಡೆ, ಅಟ್ಟದ ಕೆಳಗಲ್ಲದ ಜಾಗವೇ ಒಲೆಗೆ ಶುಭಸ್ಥಳ. ಕೊಳವೆ ಮಾಡಿನಿಂದ ಎರಡು ಅಡಿಯಾದರೂ ಮೇಲೇರಬೇಕು. ತುದಿಗೆ ಮಳೆ ಬೀಳದಂತೆ ಟೊಪ್ಪಿಗೆಯಿರಬೇಕು. ತೊಲೆ ಜಂತೆಗಳಿಂದ ಅದನ್ನು ದೂರವಿಡಬೇಕು. ಹಿಂದೆ ಕಲ್ನಾರಿನ ಕೊಳವೆ ಹಾಕುತ್ತಿದ್ದರು. ಅದನ್ನು ಕೊಯ್ಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೇಡು, ಆದುದರಿಂದ ಸುಟ್ಟ ಮಣ್ಣಿನ ಅಥವಾ ತಗಡಿನ ಕೊಳವೆಯನ್ನು ಆರಿಸಿರಿ. ಕೊಳವೆಯ ಬುಡದಲ್ಲಿ ಮಸಿ ತೆಗೆಯುವ ಕಿಂಡಿಯೊಂದನ್ನು ಬಿಡಿಸುವುದನ್ನು ಮರೆಯಬೇಡಿರಿ. ಕಿಂಡಿಯಿಲ್ಲದ ಕೊಳವೆ ಬೇಗನೆ ಕಟ್ಟಿಕೊಳ್ಳುವುದು.

ಕಟ್ಟಿದ ಒಲೆಯನ್ನು ಮರುದಿನವೇ ಹೊತ್ತಿಸಬೇಡಿರಿ. ಒಂದೆರಡು ವಾರ ನೆರಳಿನಲ್ಲಿ ಆರಲಿ. ಬಳಿಕ ಕೆಲದಿನ ಸಣ್ಣ ಉರಿ ಮಾಡಿದರೆ ಬಿರುಕು ಕಡಿಮೆ. ಬಿರುಕಿಗೆ ಜೇಡಿಮಣ್ಣು, ಸೆಗಣಿ, ಹೊಟ್ಟು ಕಲಸಿ ತುಂಬಿದರೆ ಆಯಿತು.

ಕಟ್ಟಿಗೆ ಹಸಿಯಾಗಿದ್ದರೆ ಮಾತ್ರ ಯಾವ ಒಲೆಯೂ ನಿಮ್ಮನ್ನು ಕಾಯದು. ಆಗತಾನೆ ಕಡಿದ ಕಟ್ಟಿಗೆಯ ತೂಕದಲ್ಲಿ ಅರ್ಧದವರೆಗೂ ನೀರಿರಬಹುದು. ನಿಮ್ಮ ಬೆಂಕಿ ಮೊದಲು ಆ ನೀರನ್ನು ಕುದಿಸಿ ಕಳೆದು, ಆಮೇಲೆ ನಿಮ್ಮ ಬೇಳೆಗೆ ಬರುತ್ತದೆ. ಮಠಗಳ ದಾಸೋಹದ ಒಲೆಗಳಲ್ಲಿ ಕೊಪ್ಪರಿಗೆಗಟ್ಟಲೆ ಅಡುಗೆ ಬೇಯುವುದನ್ನು ನೋಡುತ್ತ ಬೆಳೆದವನು ನಾನು. ಬೇಸಿಗೆಯಲ್ಲಿ ಸೀಳಿ ಒಟ್ಟಿದ ಸೌದೆಯನ್ನೇ ಅಲ್ಲಿ ಮಳೆಗಾಲಕ್ಕೆ ಬಳಸುತ್ತಿದ್ದರು. ಮನೆಯಲ್ಲಿಯೂ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪಗೆ ಸೀಳಿ, ತುದಿಗಳು ಮಾತ್ರ ಉರಿಯುವಂತೆ ಒಡ್ಡಿ, ಉರಿದಂತೆಲ್ಲ ಒಳಕ್ಕೆ ನೂಕುತ್ತಿರಬೇಕು. ಬಾಯಿ ತುಂಬ ತುರುಕಿದರೆ ಗಾಳಿ ಎಲ್ಲಿಂದ ಬರಬೇಕು? ಒಂದು ಕಣ್ಣಿನ ಮೇಲೆ ಪಾತ್ರೆಯಿಲ್ಲದಾಗ ಅದನ್ನು ಮುಚ್ಚಿಡಿರಿ.

ಜಾಲರಿಯ ಕೆಳಗಿನ ಬೂದಿಯನ್ನು ನಿತ್ಯವೂ ತೆಗೆಯಬೇಕು, ಇಲ್ಲದಿದ್ದರೆ ಗಾಳಿಯ ದಾರಿ ಮುಚ್ಚಿ ಜಾಲರಿಯೂ ಬೇಗ ಕರಗುವುದು. ಆ ಬೂದಿ ಪಾತ್ರೆಗೆ, ಗಿಡದ ಬುಡಕ್ಕೆ ಒಳ್ಳೆಯದು. ವಿಭೂತಿಗೆ ಸಲ್ಲದು, ಅದರ ಕ್ರಮವೇ ಬೇರೆ. ಕೊಳವೆಯ ಮಸಿಯನ್ನು ತಿಂಗಳಿಗೊಮ್ಮೆ, ಹಗ್ಗಕ್ಕೆ ತೆಂಗಿನ ನಾರಿನ ಉಂಡೆ ಕಟ್ಟಿ ಮೇಲಿನಿಂದ ಇಳಿಸಿ ತೆಗೆಯಬೇಕು. ಮಾಳಿಗೆ ಹತ್ತುವ ಈ ಕೆಲಸ ಮನೆಯ ಗಂಡಸರದು. ದುಡ್ಡಿನ ಪ್ರಶ್ನೆ ಕೇಳಿದ ಯಜಮಾನರು ಇದನ್ನು ವಹಿಸಿಕೊಂಡರೆ ಸೊಸೆಗೂ ಅತ್ತೆಗೂ ಉಪಕಾರ. ಕೊಳವೆ ಎಳೆಯುತ್ತಿದೆಯೇ ಎಂದು ತಿಳಿಯಲು ಒಲೆಯ ಬಾಯಿಗೆ ಹೊಗೆಯಾಡುವ ಊದುಬತ್ತಿ ಹಿಡಿಯಿರಿ. ಹೊಗೆ ಒಳಕ್ಕೆ ಬಾಗಿದರೆ ಸರಿ, ಮುಖಕ್ಕೆ ಬಂದರೆ ಮಸಿ ತೆಗೆಯುವ ದಿನ ಬಂದಿದೆ.

ಪತ್ರದಲ್ಲಿ ಸೋದರಿ ಕೇಳದ ಒಂದು ವಿಷಯವನ್ನೂ ಹೇಳಬೇಕಾಗಿದೆ. ಬಾಣಂತಿಯ ಹೊರಸಿನ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡವಿಟ್ಟು, ಗಾಳಿ ಬಡಿಯದಿರಲೆಂದು ಬಾಗಿಲು ಕಿಟಕಿಗಳನ್ನು ಮುಚ್ಚುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಉಂಟು. ಹೊಗೆಯಿಲ್ಲದ ಕೆಂಡ ನಿರಪಾಯವೆಂಬ ನಂಬಿಕೆ ಸುಳ್ಳು. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಮಂಪರು, ಬಳಿಕ ಎಚ್ಚರವೇ ತಪ್ಪುವುದು. ನಿದ್ರಿಸುವ ತಾಯಿಗೂ ಕೂಸಿಗೂ ಅದು ತಿಳಿಯುವುದೇ ಇಲ್ಲ. ಹೊಸ ಮನೆಯಲ್ಲಿ ಬಾಣಂತನ ನಡೆಯುವುದಾದರೆ ಕೋಣೆಯೊಳಗೆ ಕೆಂಡ ಬೇಡ. ಬೆಚ್ಚನೆಯ ಹೊದಿಕೆ, ಬಚ್ಚಲಿನಲ್ಲಿ ಕಾದ ನೀರು, ಸ್ವಲ್ಪ ತೆರೆದ ಕಿಟಕಿ ಇಷ್ಟು ಸಾಕೆಂದು ಅತ್ತೆಯವರಿಗೆ ನನ್ನ ಹೆಸರಿನಲ್ಲಿಯೇ ತಿಳಿಸಿರಿ.