ಗ್ರಂಥದ ಅವಯವಗಳು

ಕಥೆ ಕಾದಂಬರಿಗಳನ್ನು ಓದುವ ಬಗೆಯನ್ನು ಯಾರೂ ಯಾರಿಗೂ ಕಲಿಸಬೇಕಾದುದಿಲ್ಲ. ಮುಂದೇನಾಯಿತೆಂಬ ಕುತೂಹಲವೇ ಓದುವವರ ಕೈಹಿಡಿದು ಕೊನೆಯ ಪುಟದವರೆಗೆ ನಡೆಸಿಕೊಂಡು ಹೋಗುವುದು. ಆದರೆ ಆರೋಗ್ಯ, ಇತಿಹಾಸ, ವ್ಯವಹಾರ ಮೊದಲಾದ ವಿಷಯಗಳನ್ನು ತಿಳಿಸುವುದಕ್ಕಾಗಿಯೇ ಬರೆದ ಗ್ರಂಥಗಳಲ್ಲಿ ಈ ಆಸರೆ ಇಲ್ಲ. ಹತ್ತು ಪುಟ ಮುಗಿಯುವಷ್ಟರಲ್ಲಿ ತೂಕಡಿಕೆ ಬರುವುದು. ಪುಸ್ತಕವು ಮತ್ತೆ ಗೂಡನ್ನು ಸೇರುವುದು. ತಮಗೆ ವಿದ್ಯೆ ಸಾಲದೆಂದು ಅನೇಕ ಗೃಹಿಣಿಯರು ತಮ್ಮನ್ನೇ ಹಳಿದುಕೊಳ್ಳುವುದುಂಟು. ನಮಗೆ ತೋರುವ ಮಟ್ಟಿಗೆ ಕೊರತೆಯು ವಿದ್ಯೆಯದಲ್ಲ. ಹೊಸ ಮನೆಗೆ ಹೋದವರು ನಡುಮನೆ ಯಾವುದು, ಉಗ್ರಾಣ ಯಾವುದು ಎಂದು ಮೊದಲು ಒಂದು ಸುತ್ತು ನೋಡಿಕೊಳ್ಳುವರಷ್ಟೆ. ಪುಸ್ತಕದ ವಿಷಯದಲ್ಲಿ ಮಾತ್ರ ನಾವು ಹಾಗೆ ಮಾಡದೆ ಮೊದಲ ಸಾಲಿನಿಂದಲೇ ನುಗ್ಗುವೆವು.

ನಮ್ಮ ಶಾಸ್ತ್ರಕಾರರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಗ್ರಂಥಾರಂಭದಲ್ಲಿಯೇ ನಾಲ್ಕು ಸಂಗತಿಗಳು ಗೊತ್ತಾಗಬೇಕೆಂಬುದು ಅವರ ಸಂಪ್ರದಾಯ. ಹೇಳುವುದೇನು ಎಂಬುದು ವಿಷಯ. ಅದರಿಂದ ಲಾಭವೇನು ಎಂಬುದು ಪ್ರಯೋಜನ. ಯಾರಿಗಾಗಿ ಹೇಳಿದೆ ಎಂಬುದು ಅಧಿಕಾರಿ. ಗ್ರಂಥಕ್ಕೂ ವಿಷಯಕ್ಕೂ ಇರುವ ನಂಟು ಸಂಬಂಧ. ಇವಕ್ಕೆ ಅನುಬಂಧ ಚತುಷ್ಟಯವೆಂದು ಹೆಸರು. ಇಂದಿನ ಪುಸ್ತಕದಲ್ಲಿ ಮುಖಪುಟ, ಮುನ್ನುಡಿ, ವಿಷಯಾನುಕ್ರಮಣಿಕೆ ಇವು ಮಾಡುವುದು ಬಹುಮಟ್ಟಿಗೆ ಇದೇ ಕೆಲಸವನ್ನು. ವೈದ್ಯ ವಿದ್ಯಾರ್ಥಿಗಳಿಗಾಗಿ ಬರೆದ ಶಿಶುಪಾಲನೆಯ ಗ್ರಂಥವನ್ನು ಎಳೆಗೂಸಿನ ತಾಯಿ ಕೊಂಡು ತಂದು ಎದೆಗುಂದುವುದು ಅಧಿಕಾರಿ ಯಾರೆಂಬುದನ್ನು ನೋಡದ ಫಲ. ಮುನ್ನುಡಿಯನ್ನು ಓದುವುದಕ್ಕೆ ಹಿಡಿಯುವ ಕಾಲು ಗಂಟೆ ಆ ಹಣವನ್ನು ಉಳಿಸುತ್ತಿತ್ತು.

ಪುಟದೊಳಗೂ ಒಂದು ವ್ಯವಸ್ಥೆ ಉಂಟು. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ತೆರೆದು ನೋಡಿರಿ. ಕಂದಪದ್ಯದಲ್ಲಿ ಸೂತ್ರ, ಅದರ ಕೆಳಗೆ ಗದ್ಯದಲ್ಲಿ ವೃತ್ತಿ, ಬಳಿಕ ಹಿಂದಿನ ಕವಿಗಳಿಂದ ಆಯ್ದ ಪ್ರಯೋಗಗಳು. ನಿಯಮ, ವಿವರಣೆ, ಉದಾಹರಣೆ ಎಂಬ ಮೂರು ಬಗೆಯ ಮಾತುಗಳು ಒಂದರೊಡನೊಂದು ಬೆರೆಯದೆ ನಿಂತಿವೆ. ಇಂದಿನ ಪಠ್ಯಪುಸ್ತಕದಲ್ಲಿ ದಪ್ಪಕ್ಷರದ ವಾಕ್ಯ, ಅದರ ಕೆಳಗಣ ವಿವರಣೆ, ಚೌಕದೊಳಗಿನ ದೃಷ್ಟಾಂತ ಇವುಗಳೂ ಈ ಮೂರರ ರೂಪಾಂತರವೇ. ಯಾವುದು ನಿಯಮ, ಯಾವುದು ಉದಾಹರಣೆ ಎಂದು ತಿಳಿಯದ ಹುಡುಗನು ಉದಾಹರಣೆಯನ್ನು ಬಾಯಿಪಾಠ ಮಾಡಿ ನಿಯಮವನ್ನು ಮರೆಯುವನು. ಪರೀಕ್ಷೆಯಲ್ಲಿ ಬೇರೆ ಉದಾಹರಣೆ ಬಂದೊಡನೆ ಅವನ ಗತಿ ಮುಗಿಯಿತು.

ಇವೆಲ್ಲಕ್ಕಿಂತ ಎಚ್ಚರದಿಂದ ಗುರುತಿಸಬೇಕಾದುದು ಪೂರ್ವಪಕ್ಷವನ್ನು. ಮೀಮಾಂಸಕರು ಒಂದು ವಿಚಾರವನ್ನು ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಅಂಗಗಳಾಗಿ ಕಟ್ಟುವರು. ಎದುರಾಳಿಯ ವಾದವನ್ನು ಅವನಿಗಿಂತಲೂ ಚೆನ್ನಾಗಿ ನಿರೂಪಿಸಿ, ಅನಂತರ ಅದನ್ನು ಖಂಡಿಸುವುದು ಅವರ ರೀತಿ. ಅರ್ಧಕ್ಕೆ ಓದಿ ನಿಲ್ಲಿಸಿದವನು ಎದುರಾಳಿಯ ಮಾತನ್ನೇ ಗ್ರಂಥಕಾರನ ಮತವೆಂದು ಹೊತ್ತುಕೊಂಡು ಹೋಗುವನು. ಇದು ಪಂಡಿತರ ಸಭೆಗೆ ಮಾತ್ರ ಸೇರಿದ ಅಪಾಯವೆಂದು ವಾಚಕರು ಎಣಿಸಬಾರದು. ಆರೋಗ್ಯದ ಲೇಖನಗಳಲ್ಲಿ ಜನರ ತಪ್ಪು ನಂಬಿಕೆಗಳನ್ನು ದಪ್ಪಕ್ಷರದಲ್ಲಿಯೂ ಅವುಗಳ ಖಂಡನೆಯನ್ನು ಸಣ್ಣಕ್ಷರದಲ್ಲಿಯೂ ಅಚ್ಚು ಮಾಡುವ ಪದ್ಧತಿ ಈಚೆಗೆ ಬಹಳವಾಗಿದೆ. ‘ಭೇದಿಯಾಗುತ್ತಿರುವ ಮಗುವಿಗೆ ನೀರು ಕೊಡಬಾರದು’ ಎಂದು ಶಿರೋನಾಮೆ. ಅದು ಸುಳ್ಳು, ಭೇದಿಯಲ್ಲಿ ಮಗುವಿನ ಪ್ರಾಣಕ್ಕೆ ಕುತ್ತು ತರುವುದು ದೇಹದ ನೀರು ಉಪ್ಪುಗಳು ಬರಿದಾಗುವುದೇ, ಆದುದರಿಂದ ಜೀವಜಲವನ್ನು ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಬೇಕು, ಎದೆಹಾಲನ್ನೂ ನಿಲ್ಲಿಸಬಾರದು ಎಂದು ಕೆಳಗೆ ಬರೆದಿದೆ. ಅಡುಗೆಮನೆಯ ಗಡಿಬಿಡಿಯಲ್ಲಿ ಶಿರೋನಾಮೆಯ ಮೇಲೆ ಮಾತ್ರ ಕಣ್ಣಾಡಿಸಿದ ತಾಯಿಯ ಮನಸ್ಸಿನಲ್ಲಿ ಉಳಿಯುವುದು ಯಾವುದು? ಹೀಗೆ ಅಚ್ಚು ಮಾಡುವವರ ವಿವೇಕವನ್ನು ನಾವು ಮೆಚ್ಚಲಾರೆವು. ಆದರೆ ಅವರು ತಿದ್ದಿಕೊಳ್ಳುವವರೆಗೆ ಎಚ್ಚರವು ಓದುವವರದೇ. ‘ಎಂದು ಕೆಲವರು ಹೇಳುವರು’, ‘ಎಂಬ ನಂಬಿಕೆ ಉಂಟು’, ‘ಹಾಗೆ ತೋರಬಹುದು’ ಎಂಬ ಮಾತುಗಳು ಕಂಡಾಗ ಮುಂದೆ ಒಂದು ‘ಆದರೆ’ ಬರಲಿದೆಯೆಂದು ತಿಳಿದು, ಅದು ಬರುವವರೆಗೆ ಪುಸ್ತಕವನ್ನು ಕೆಳಗಿಡಬಾರದು.

‘ಆದರೆ’ಯಂತೆಯೇ ಬೇರೆ ಚಿಕ್ಕ ಮಾತುಗಳೂ ದಾರಿ ತೋರಿಸುವುವು. ‘ಆದುದರಿಂದ’, ‘ಏಕೆಂದರೆ’ ಇದ್ದಲ್ಲಿ ಕಾರ್ಯಕಾರಣಗಳ ಜೋಡಣೆ. ‘ಅದಕ್ಕಿಂತ’ ಇದ್ದಲ್ಲಿ ಹೋಲಿಕೆ. ‘ಮೊದಲು’, ‘ಬಳಿಕ’ ಇದ್ದಲ್ಲಿ ಅನುಕ್ರಮ. ಅನುಕ್ರಮದ ಬರೆಹವನ್ನು ಹಿಂದುಮುಂದಾಗಿ ಓದಬಾರದು. ಜೀವಜಲದ ಪೊಟ್ಟಣವನ್ನೇ ತೆಗೆದುಕೊಳ್ಳಿರಿ. ಮೊದಲು ನೀರಿನ ಅಳತೆ: ದೊಡ್ಡ ಪೊಟ್ಟಣಕ್ಕೆ ಒಂದು ಲೀಟರು, ಚಿಕ್ಕದಕ್ಕೆ 200 ಮಿಲಿಲೀಟರು. ಬಳಿಕ ಪುಡಿಯನ್ನೆಲ್ಲ ಒಮ್ಮೆಗೇ ಸುರಿದು ಕದಡುವುದು. 24 ಗಂಟೆ ಕಳೆದ ಮೇಲೆ ಮಿಕ್ಕುದನ್ನು ಚೆಲ್ಲುವುದು. ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಹಾಕಿದರೆ ಉಪ್ಪು ಮಿತಿಮೀರಿ ಮಗುವಿಗೆ ಕೆಡುಕಾಗುವುದು.

ಇನ್ನು ಎಲ್ಲ ಮನೆಗಳಿಗೂ ಬರತೊಡಗಿರುವ, ಆದರೆ ಯಾರೂ ಓದದ ಒಂದು ಗ್ರಂಥದ ಮಾತು. ಅದೇ ಆರೋಗ್ಯ ವಿಮೆಯ ಪತ್ರ. ಇದರಲ್ಲಿ ಮುಖ್ಯವಾದ ಭಾಗಗಳೆಂದರೆ ವಿಮೆದಾರರ ಹೆಸರು, ಮೊತ್ತ, ಅವಧಿಗಳ ಪಟ್ಟಿ, ಪದಗಳ ವ್ಯಾಖ್ಯೆ, ದೊರೆಯುವ ಸೌಲಭ್ಯಗಳು, ಅಪವಾದಗಳು, ಸಾಮಾನ್ಯ ಷರತ್ತುಗಳು. ಸೌಲಭ್ಯಗಳ ಭಾಗವೊಂದನ್ನೇ ಓದಿ ಪೆಟ್ಟಿಗೆಯಲ್ಲಿಡುವುದು ಲೋಕರೂಢಿ. ನಮ್ಮ ಸಲಹೆಯೇನೆಂದರೆ, ಪಟ್ಟಿಯನ್ನು ಸರಿನೋಡಿದೊಡನೆ ವ್ಯಾಖ್ಯೆಗಳಿಗೆ ಹೋಗಬೇಕು. ಏಕೆಂದರೆ ಅಲ್ಲಿ ‘ಆಸ್ಪತ್ರೆ’ ಎಂದರೆ ನಾವು ನೀವು ಆಸ್ಪತ್ರೆಯೆಂದು ಕರೆಯುವುದಲ್ಲ. ನೋಂದಣಿಯಾಗದ ಆಸ್ಪತ್ರೆಯಾದರೆ, ಇತರ ನಿಬಂಧನೆಗಳೊಂದಿಗೆ, ಹತ್ತು ಲಕ್ಷಕ್ಕಿಂತ ಕಡಮೆ ಜನಸಂಖ್ಯೆಯ ಊರಿನಲ್ಲಿ 10, ಉಳಿದೆಡೆಗಳಲ್ಲಿ 15 ಒಳರೋಗಿಗಳ ಹಾಸಿಗೆಗಳಾದರೂ ಇರಬೇಕು. ‘ಆಸ್ಪತ್ರೆಗೆ ಸೇರುವುದು’ ಎಂದರೆ, ಹೆಸರಿಸಿದ ಕೆಲವು ಚಿಕಿತ್ಸೆಗಳನ್ನು ಬಿಟ್ಟು, 24 ಗಂಟೆಗಳ ಕಾಲ ಎಡೆಬಿಡದೆ ಒಳರೋಗಿಯಾಗಿರುವುದು. ಆಮೇಲೆ ಅಪವಾದಗಳು, ಕಟ್ಟಕಡೆಗೆ ಸೌಲಭ್ಯಗಳು. ಅಚ್ಚಾದ ಕ್ರಮವೇ ಓದುವ ಕ್ರಮವಾಗಬೇಕೆಂಬ ಕಟ್ಟಳೆ ಏನೂ ಇಲ್ಲ. 2024ರಲ್ಲಿ ಬಂದ ನಿಯಮದಂತೆ, ಪತ್ರವು ಕೈಸೇರಿದ 30 ದಿನಗಳೊಳಗೆ ಅದು ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಲು ಅವಕಾಶವುಂಟು. ಆ ದಿನಗಳನ್ನು ಇದಕ್ಕೆ ಬಳಸಿದರೆ, ಕಾಯಿಲೆಯ ನಡುವೆ ಅಣ್ಣತಮ್ಮಂದಿರು ಆಸ್ಪತ್ರೆಯ ಹಣದ ಕಿಟಕಿಯ ಮುಂದೆ ನಿಂತು ಮೊದಲ ಸಲ ಈ ವ್ಯಾಖ್ಯೆಗಳನ್ನು ಓದುವ ಸಂಕಟ ತಪ್ಪುವುದು.

ಕೊನೆಯದಾಗಿ ಅಕಾರಾದಿಯ ಸಂಗತಿ. ಶಾಲೆಯ ಗೋಡೆಯ ಮೇಲಿನ ವರ್ಣಮಾಲೆಯ ಪಟದಲ್ಲಿ ಕ್ಷ, ಜ್ಞ ಎರಡೂ ಕಟ್ಟಕಡೆಗೆ ಇರುವುದನ್ನು ಕಂಡ ಮಕ್ಕಳು ‘ಕ್ಷಮೆ’ಯನ್ನು ನಿಘಂಟಿನ ಕೊನೆಯಲ್ಲಿ ಹುಡುಕುವರು. ಅದು ಇರುವುದು ಕಕಾರದಲ್ಲಿ. ‘ಜ್ಞಾನ’ ಇರುವುದು ಜಕಾರದಲ್ಲಿ. ಕಿಟ್ಟೆಲರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ಮಹಾ ನಿಘಂಟನ್ನಾಗಲಿ ಅದರ ತರುವಾಯದ ನಿಘಂಟುಗಳನ್ನಾಗಲಿ ಬಳಸುವವರು ಮೊದಲಲ್ಲಿರುವ ಸಂಕ್ಷೇಪಗಳ ಪಟ್ಟಿಯನ್ನು ಒಮ್ಮೆ ನೋಡಿಕೊಂಡರೆ ಉಳಿದುದೆಲ್ಲ ಸುಗಮ. ಆದರೆ ನಮ್ಮ ಕನ್ನಡದಲ್ಲಿ ನಾನೂರು ಪುಟದ ಚರಿತ್ರೆಯ ಪುಸ್ತಕಕ್ಕೂ ಕೊನೆಯಲ್ಲಿ ಪದಸೂಚಿ ಇಲ್ಲದಿರುವುದು ಅಪರೂಪವಲ್ಲ. ಪ್ರಕಾಶಕರು ನಾಲ್ಕು ಹಾಳೆ ಉಳಿಸಿ ಓದುಗರ ನೂರು ಗಂಟೆ ಕಳೆಯುವರು. ಅಂತಹ ಪುಸ್ತಕ ಸ್ವಂತದ್ದಾಗಿದ್ದರೆ, ಹಿಂದಿನ ಖಾಲಿ ಪುಟದಲ್ಲಿ ಓದುತ್ತ ಓದುತ್ತ ಮುಖ್ಯವಾದ ಹೆಸರುಗಳನ್ನೂ ಪುಟಸಂಖ್ಯೆಗಳನ್ನೂ ಸೀಸದಕಡ್ಡಿಯಿಂದ ಬರೆದುಕೊಳ್ಳಬಹುದು. ಗ್ರಂಥಾಲಯದ್ದಾಗಿದ್ದರೆ ಬೇರೊಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು.